ಮಾತಾಡಿಸಬಾರದ ಅತಿಥಿ

ಧಾರವಾಡದ ಮನೆಗಳಲ್ಲಿ ಬಂದವರನ್ನು ಅವರ ಪಾಡಿಗೆ ಬಿಡುವ ರೂಢಿ ಇಲ್ಲ. ಚಪ್ಪಲಿ ಕಳಚುವ ಮೊದಲೇ "ಬರ್ರಿ, ಬರ್ರಿ" ಎಂಬ ಕರೆ ಒಳಗಿನಿಂದ ಕೇಳುತ್ತದೆ. ಕುಳಿತ ಕೂಡಲೇ ನೀರಿನ ತಂಬಿಗೆ, ಅದರ ಬೆನ್ನಿಗೆ ಚಹಾ, ಚಹಾದ ಬೆನ್ನಿಗೆ ಒಗ್ಗರಣೆ ಹಾಕಿದ ಚುರುಮುರಿ, ಬೇಡವೆಂದರೆ "ಒಂದೀಟರ ತಗೋರಿ" ಎಂಬ ಒತ್ತಾಯ. "ಹೋದರ ಮಾತಾಡಸಲೇ ಇಲ್ಲ" ಎಂಬುದು ನಮ್ಮ ಕಡೆ ಒಂದು ಮನೆತನದ ಮೇಲೆ ಹೊರಿಸಬಹುದಾದ ದೊಡ್ಡ ಆರೋಪ; ಅದು ಮುಂದಿನ ತಲೆಮಾರಿನ ಮದುವೆಯ ಮಾತುಕತೆಯವರೆಗೂ ಬಾಳಿಕೆ ಬರುತ್ತದೆ. ಇಂಥ ಮನೆಗೆ ಹೆದರಿದ ಬೆಕ್ಕೊಂದು ಅತಿಥಿಯಾಗಿ ಬಂದಾಗ, ಅದಕ್ಕೆ ಸಲ್ಲಬೇಕಾದ ಆತಿಥ್ಯವೆಂದರೆ ಇವುಗಳಲ್ಲಿ ಒಂದನ್ನೂ ಮಾಡದಿರುವುದು ಎಂದು ಮನೆಮಂದಿಯನ್ನು ಒಪ್ಪಿಸುವುದು ಬೆಕ್ಕನ್ನು ಒಗ್ಗಿಸುವುದಕ್ಕಿಂತ ಕಷ್ಟದ ಕೆಲಸ.

ನಮ್ಮಲ್ಲಿಗೆ ಬಂದದ್ದು ಚಿಂಗಿ. ಗದಗಿನ ನನ್ನ ಸೋದರತ್ತೆ ಮನೆ ಖಾಲಿ ಮಾಡಿ ಪುಣೆಯಲ್ಲಿರುವ ಮಗನ ಫ್ಲ್ಯಾಟಿಗೆ ಹೊರಟಾಗ, ಪಾತ್ರೆ ಪಡಗಗಳಿಗೆಲ್ಲ ಒಂದೊಂದು ಗತಿ ಕಾಣಿಸಿ, ಕೊನೆಗೆ ಉಳಿದ ಈ ಬೂದುಪಟ್ಟೆಯ ಹೆಣ್ಣು ಬೆಕ್ಕನ್ನು ನಮಗೆ ಒಪ್ಪಿಸಿದರು. ಅದು ಮರಿಯಾಗಿದ್ದರೆ ಮಾತು ಬೇರೆ ಇತ್ತು. ಬೆಕ್ಕಿನ ಮರಿ ಹುಟ್ಟಿದ ಎರಡನೆಯ ವಾರದಿಂದ ಏಳನೆಯ ವಾರದವರೆಗೆ ತಾನು ಕಂಡ ಮನುಷ್ಯರನ್ನೂ ಕೇಳಿದ ಸದ್ದುಗಳನ್ನೂ ಲೋಕದ ಸಹಜ ಭಾಗವೆಂದೇ ಒಪ್ಪಿಕೊಂಡುಬಿಡುತ್ತದೆ. ಆ ಕಿಟಕಿ ಮುಚ್ಚಿದ ಮೇಲೆ ಬರುವ ಹೊಸದೆಲ್ಲವೂ ಪರೀಕ್ಷೆಗೆ ಒಳಗಾಗಿಯೇ ಒಳಗೆ ಬರಬೇಕು. ತಾಯಿಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಬೆಳೆದ ಬೆಕ್ಕಿಗೆ ಎಂಟನೆಯ ಮನೆ ಎಂದರೆ ಪ್ರಳಯ. ಅಣ್ಣಿಗೇರಿ ದಾಟುವವರೆಗೂ ಮುಚ್ಚಳದ ಬೆತ್ತದ ಬುಟ್ಟಿಯೊಳಗಿನಿಂದ ಒಂದೇ ಸಮನೆ ಅರಚುತ್ತಿದ್ದ ಚಿಂಗಿ ಆಮೇಲೆ ಪೂರ್ತಿ ಸುಮ್ಮನಾಯಿತು, ಮತ್ತು ನಡುಮನೆಯ ಪಕ್ಕದ ಕೋಣೆಯಲ್ಲಿ ಬುಟ್ಟಿಯ ಬಾಯಿ ತೆರೆದದ್ದೇ ತಡ, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಓಡಿ ಮಂಚದ ಕೆಳಗಿನ ಹಳೆಯ ಟ್ರಂಕಿನ ಹಿಂದೆ ಸೇರಿಕೊಂಡಿತು.

ಬಗ್ಗಿ ನೋಡಿದರೆ ಕಾಣುತ್ತಿದ್ದದ್ದು ಇಷ್ಟು: ಗೋಡೆಗೂ ಟ್ರಂಕಿಗೂ ನಡುವಿನ ಗೇಣಗಲದ ಸಂದಿಯಲ್ಲಿ ನಾಲ್ಕೂ ಕಾಲನ್ನು ಒಳಗೆ ಮಡಚಿಕೊಂಡ ಒಂದು ಮುದ್ದೆ, ತಲೆಗೆ ಅಂಟಿದ ಕಿವಿಗಳು, ಮೀಸೆಯ ತುದಿಗೆ ಸಿಕ್ಕಿಕೊಂಡ ಜೇಡರ ಬಲೆ, ಹಸಿರು ಬಣ್ಣವೇ ಉಳಿಯದಷ್ಟು ಅಗಲವಾಗಿ ಹಿಗ್ಗಿದ ಕಣ್ಣಿನ ಕಪ್ಪು. ಬಾಲ ಮೈಗೆ ಸುತ್ತಿಕೊಂಡಿತ್ತು. ಅಷ್ಟು ನೋಡಿದವರು ಎದ್ದು ಬಂದುಬಿಡಬೇಕು, ಎರಡನೆಯ ಸಲ ಬಗ್ಗಬಾರದು. ಬೆಕ್ಕಿನ ಲೋಕದಲ್ಲಿ ನೆಟ್ಟ ನೋಟವೆಂದರೆ ಕಾಳಜಿಯಲ್ಲ, ಬೆದರಿಕೆ.

ಬೆಕ್ಕಿಗೆ ಮನೆ ಎಂದರೆ ಗೋಡೆ, ಹಂಚು, ಬಾಗಿಲುಗಳಿಗಿಂತ ಹೆಚ್ಚಾಗಿ ವಾಸನೆ. ಅದರ ಕೆನ್ನೆ, ಗದ್ದ, ಹಣೆ ಮತ್ತು ಪಾದಗಳಲ್ಲಿ ವಾಸನೆಯ ಗ್ರಂಥಿಗಳಿವೆ; ಮಂಚದ ಕಾಲಿಗೂ ಬಾಗಿಲ ಚೌಕಟ್ಟಿಗೂ ಕೆನ್ನೆ ಉಜ್ಜಿ ಉಜ್ಜಿ ಅದು ತನ್ನ ರಾಜ್ಯದ ಗಡಿಗಳನ್ನು ಬರೆದುಕೊಳ್ಳುತ್ತದೆ. ಗದಗಿನ ಮನೆಯಲ್ಲಿ ವರ್ಷಗಟ್ಟಲೆ ಹೀಗೆ ಬರೆದಿಟ್ಟದ್ದೆಲ್ಲ ಒಂದೇ ಮಧ್ಯಾಹ್ನದಲ್ಲಿ ಇಲ್ಲವಾಯಿತು. ನಾಯಿಗಾದರೆ ಯಜಮಾನನ ಮುಖವೊಂದಿದ್ದರೆ ಅರ್ಧ ಧೈರ್ಯ ಬರುತ್ತದೆ, ಏಕೆಂದರೆ ಅದು ಗುಂಪಿನಲ್ಲಿ ಬಾಳಿದ ಪ್ರಾಣಿಯ ಕುಲ. ಸಾಕುಬೆಕ್ಕಿನ ಪೂರ್ವಜನಾದ ಆಫ್ರಿಕದ ಕಾಡುಬೆಕ್ಕು ಒಂಟಿಯಾಗಿ ಬೇಟೆಯಾಡಿ ಒಂಟಿಯಾಗಿ ಬದುಕುವ ಜೀವಿ. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲಿಯೇ ಹೂಳಿದ್ದ ಬೆಕ್ಕಿನ ಅಸ್ಥಿಪಂಜರವೊಂದು ಸಿಕ್ಕಿದ್ದು, ಅದು ಸುಮಾರು 9,500 ವರ್ಷ ಹಳೆಯದೆಂದು 2004ರಲ್ಲಿ ಪ್ರಕಟವಾಯಿತು. ಅಷ್ಟು ಹಳೆಯ ಸಹವಾಸದ ನಂತರವೂ, ಸಂಕಟ ಬಂದಾಗ ಬೆಕ್ಕು ಯಾರ ಮಡಿಲನ್ನೂ ಹುಡುಕದೆ ಅಡಗಲು ಒಂದು ಸಂದಿಯನ್ನೇ ಹುಡುಕುತ್ತದೆ.

ಈ ಸಂಗತಿಯನ್ನು ನಮ್ಮ ಓಣಿಗೆ ತಿಳಿಸಿ ಹೇಳುವವರು ಯಾರು? ಸಂಜೆಯ ಹೊತ್ತಿಗೆ "ಅಕ್ಕಾರ, ಬೆಕ್ಕು ಬಂದೈತಂತಲ್ರಿ, ಒಂಚೂರು ತೋರಸ್ರಿ" ಎನ್ನುತ್ತ ಬಗಲಮನೆಯವರು, ಅವರ ಹಿಂದೆ ಅವರ ಮಕ್ಕಳು, ಆ ಮಕ್ಕಳ ಹಿಂದೆ ಆಟದ ಗೆಳೆಯರು ಬಂದರು. ಬಂದವರಿಗೆ ಚಹಾ ಕೊಡಬಹುದು, ಬೆಕ್ಕನ್ನು ತೋರಿಸಲಾಗದು ಎಂದಾಗ ಆದ ನಿರಾಶೆ ಸಣ್ಣದಲ್ಲ. "ಹಿಡದ ಹೊರಗ ಎಳೀರಿ, ತೊಡಿ ಮ್ಯಾಲ ಕುಂದರಿಸಿಕೊಂಡು ಮೈ ಸವರ್ರಿ, ಇಲ್ಲಾಂದ್ರ ರೂಢಿ ಆಗಂಗಿಲ್ಲ" ಎಂಬ ಸಲಹೆ ಉಚಿತವಾಗಿ ಬಂತು. ಎಳೆದರೆ ಬೆಕ್ಕು ಕಲಿಯುವ ಪಾಠ ಒಂದೇ: ಇಲ್ಲಿ ಅಡಗಿದರೂ ಉಳಿಗಾಲವಿಲ್ಲ. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು ಆಶ್ರಯತಾಣಕ್ಕೆ ಹೊಸದಾಗಿ ಬಂದ ಬೆಕ್ಕುಗಳನ್ನು ಗಮನಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಡಗಿಕೊಳ್ಳಲು ಒಂದು ಡಬ್ಬಿ ದೊರೆತ ಬೆಕ್ಕುಗಳು ಅದು ದೊರೆಯದವುಗಳಿಗಿಂತ ಬೇಗ ಶಾಂತವಾಗುತ್ತವೆ. ಅಡಗುವುದು ರೋಗವಲ್ಲ, ಬೆಕ್ಕು ತಾನೇ ಮಾಡಿಕೊಳ್ಳುವ ಮದ್ದು. ಆದ್ದರಿಂದ ನಾವು ಟ್ರಂಕನ್ನು ಗೋಡೆಯಿಂದ ಇನ್ನೊಂದಿಷ್ಟು ಸರಿಸಿ, ಮಿಕ್ಸರ್ ಬಂದಿದ್ದ ರಟ್ಟಿನ ಪೆಟ್ಟಿಗೆಯೊಂದನ್ನು ಅಡ್ಡ ಮಲಗಿಸಿ ಅದರ ಪಕ್ಕಕ್ಕೆ ಇಟ್ಟೆವು.

ಮೊದಲ ದಿನಗಳಲ್ಲಿ ಬೆಕ್ಕಿಗೆ ಒಂದೇ ಕೋಣೆ ಸಾಕು. ನಮ್ಮ ಕಡೆಯ ಹಳೆಯ ಮನೆಗಳು ಪಡಸಾಲೆ, ನಡುಮನೆ, ಅಡುಗೆಮನೆ, ಹಿತ್ತಲು ಎಂದು ಉದ್ದಕ್ಕೆ ಒಂದರೊಳಗೊಂದು ತೆರೆದುಕೊಳ್ಳುವಂಥವು. ಮೇಲೆ ಅಟ್ಟ, ಅದರ ಮೇಲೆ ಹಂಚು. ಹೆದರಿದ ಬೆಕ್ಕು ಅಟ್ಟ ಹತ್ತಿ ಹಂಚಿನ ಸಂದಿಗೆ ಹೋದರೆ ಅದನ್ನು ಇಳಿಸುವ ಏಣಿ ಇನ್ನೂ ತಯಾರಾಗಿಲ್ಲ. ಕೋಣೆಯ ಒಂದು ಮೂಲೆಯಲ್ಲಿ ನೀರು ಮತ್ತು ಆಹಾರ, ಅದಕ್ಕೆ ಎದುರಿನ ಮೂಲೆಯಲ್ಲಿ ಉಸುಕು ತುಂಬಿದ ಅಗಲವಾದ ತಗ್ಗು ಟ್ರೇ ಇಡಬೇಕು. ಉಣ್ಣುವ ಜಾಗದ ಹತ್ತಿರ ಹೇಲುವುದು ಬೆಕ್ಕಿಗೂ ಒಪ್ಪಿಗೆಯಲ್ಲ. ಕೋಣೆಗೆ ಫಿನಾಯಿಲ್ ಹಾಕಿ ಒರೆಸುವ ಉತ್ಸಾಹವನ್ನು ತಡೆಯಬೇಕು. ಫಿನಾಲ್ ಇರುವ ದ್ರಾವಣಗಳು ಬೆಕ್ಕಿಗೆ ವಿಷ, ಅದು ಪಾದ ನೆಕ್ಕಿದಾಗ ಹೊಟ್ಟೆಗೆ ಹೋಗುತ್ತವೆ. ಜೊತೆಗೆ ಅದು ಆಗಷ್ಟೇ ಬರೆಯತೊಡಗಿದ ವಾಸನೆಯ ನಕ್ಷೆಯೂ ಅಳಿಸಿಹೋಗುತ್ತದೆ.

ನಿಜವಾದ ಜಗಳ ನಡೆದದ್ದು ಕೌದಿಯ ವಿಷಯದಲ್ಲಿ. ಸೋದರತ್ತೆ ಬುಟ್ಟಿಯ ಜೊತೆಗೆ ಚಿಂಗಿ ಮಲಗುತ್ತಿದ್ದ ಕೌದಿಯ ತುಂಡೊಂದನ್ನು ಕಳಿಸಿದ್ದರು: ಹಳೆಯ ಇಳಕಲ್ ಸೀರೆಯ ಅಂಚು, ಯಾರದೋ ಅಂಗಿಯ ಗೆರೆಬಟ್ಟೆ, ನಡುವೆ ಕೆಂಪು ಖಣದ ತ್ರಿಕೋನ, ಎಲ್ಲದರ ಮೇಲೂ ಬೂದು ಕೂದಲಿನ ಒಂದು ಪದರ. ಅದರ ನಾತ ಸಾಧಾರಣದ್ದಲ್ಲ. ನಮ್ಮ ಅತ್ತೆಯವರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಸೋಡಾ ಹಾಕಿದ ಬಿಸಿನೀರಿನಲ್ಲಿ ನೆನೆಸಲು ಬಚ್ಚಲಿಗೆ ಹೊರಟಿದ್ದರು. ಆ ನಾತವೇ ಇಡೀ ಧಾರವಾಡದಲ್ಲಿ ಚಿಂಗಿಗೆ ಗುರುತಿರುವ ಏಕೈಕ ವಸ್ತು ಎಂದು ಹೇಳಿ ಕೌದಿಯನ್ನು ಬಿಡಿಸಿಕೊಳ್ಳಬೇಕಾಯಿತು. "ಹೊಲಸ ಕೌದಿ ಹಾಕಿ ಮಲಗಿಸೀವಿ ಅಂತ ನಾಳೆ ಮಂದಿ ಆಡಿಕೊಂಡ್ರ?" ಎಂದು ಅವರು ಕೇಳಿದರು. ಬೆಕ್ಕು ಆಡಿಕೊಳ್ಳುವುದಿಲ್ಲ ಎಂಬುದು ನನ್ನ ಉತ್ತರವಾಗಿತ್ತು. ಕೌದಿ ರಟ್ಟಿನ ಪೆಟ್ಟಿಗೆಯೊಳಗೆ ಹೋಯಿತು, ಮರುದಿನ ಬೆಳಿಗ್ಗೆ ನೋಡಿದರೆ ಅದರ ನಡುವೆ ಗುಂಡಗಿನ ತಗ್ಗೊಂದು ಮೂಡಿತ್ತು.

ಮುಂದಿನ ಚರ್ಚೆ ಹಾಲಿನದು. ಬೆಕ್ಕಿಗೆ ಹಾಲು ಎಂಬುದು ನಮ್ಮಲ್ಲಿ ಪ್ರಶ್ನಿಸಬಾರದ ಸತ್ಯ. ಗೌಳಿಗರ ಎಮ್ಮೆಹಾಲು ಮನೆಬಾಗಿಲಿಗೆ ಬರುವ ಊರಿನಲ್ಲಂತೂ ಅದನ್ನು ನಿರಾಕರಿಸುವುದು ಜಿಪುಣತನದ ಲಕ್ಷಣ. ಆದರೆ ಬೆಳೆದ ಬೆಕ್ಕುಗಳಲ್ಲಿ ಹಾಲಿನ ಸಕ್ಕರೆಯನ್ನು ಒಡೆಯುವ ಶಕ್ತಿ ಕುಗ್ಗಿರುವುದರಿಂದ ಅನೇಕವಕ್ಕೆ ಹಾಲು ಕುಡಿದರೆ ಹೊಟ್ಟೆ ಕೆಡುತ್ತದೆ, ಹೆದರಿಕೆಯಿಂದ ಮೊದಲೇ ಕೆಟ್ಟ ಹೊಟ್ಟೆಯಾದರೆ ಕೇಳುವುದೇ ಬೇಡ. ತೆನಾಲಿ ರಾಮಕೃಷ್ಣ ಸುಡುಸುಡು ಹಾಲಿಟ್ಟು ಬೆಕ್ಕಿನ ಬಾಯಿ ಸುಟ್ಟು, ಹಾಲು ಕಂಡರೆ ಓಡುವಂತೆ ಮಾಡಿದ ಕಥೆಗೆ ನಾವೆಲ್ಲ ತಲೆತಲಾಂತರದಿಂದ ನಗುತ್ತ ಬಂದಿದ್ದೇವೆ. ಒಂದೇ ಒಂದು ಕೆಟ್ಟ ಅನುಭವವನ್ನು ಬೆಕ್ಕು ಎಷ್ಟು ಕಾಲ ನೆನಪಿಟ್ಟುಕೊಳ್ಳುತ್ತದೆ ಎಂಬ ದೃಷ್ಟಿಯಿಂದ ಆ ಕಥೆಯನ್ನು ಕೇಳಿದವರು ಕಡಿಮೆ. ಇನ್ನು ಮಾಂಸದ ಪ್ರಶ್ನೆ. ಬೆಕ್ಕು ಮಾಂಸವಿಲ್ಲದೆ ಆರೋಗ್ಯವಾಗಿ ಬಾಳದ ಪ್ರಾಣಿ, ಮಾಂಸದಲ್ಲಿ ದೊರೆಯುವ ಟಾರಿನ್ ಎಂಬ ಅಂಶ ಸಾಲದಿದ್ದರೆ ಅದರ ಕಣ್ಣು ಮತ್ತು ಹೃದಯ ಹಾಳಾಗುತ್ತವೆ. ನಮ್ಮದು ಉಳ್ಳಾಗಡ್ಡಿಯನ್ನೇ ವಾರದಲ್ಲಿ ಒಂದು ದಿನ ಬಿಡುವ ಮನೆ. ಕೊನೆಗೆ ಗದಗಿನಲ್ಲಿ ತಿನ್ನುತ್ತಿದ್ದ ಪಾಕೀಟಿನ ಆಹಾರವನ್ನೇ ತರುವುದೆಂದೂ, ಅದು ಅಡುಗೆಮನೆಯ ಹೊಸ್ತಿಲು ದಾಟದೆ ಟ್ರಂಕಿನೊಳಗೇ ಇರುವುದೆಂದೂ ಒಪ್ಪಂದವಾಯಿತು. ಮನೆ ಬದಲಾದಾಗ ಆಹಾರವನ್ನೂ ಬದಲಿಸದಿರುವುದು ಹೇಗೂ ಒಳ್ಳೆಯದು.

ಒತ್ತಾಯ ಬೇಡವೆಂದೆ, ಆದರೆ ಲೆಕ್ಕ ಬೇಕು. ಬಟ್ಟಲಿನಲ್ಲಿ ಎಷ್ಟು ಇಟ್ಟಿದ್ದೆವು, ಎಷ್ಟು ಉಳಿದಿದೆ ಎಂದು ನೋಡುತ್ತಿರಬೇಕು. ಬೆಕ್ಕು ಕೆಲವು ದಿನ ಏನನ್ನೂ ತಿನ್ನದಿದ್ದರೆ ಮೈಯ ಕೊಬ್ಬು ಯಕೃತ್ತಿಗೆ ನುಗ್ಗಿ ಅಲ್ಲಿ ತುಂಬಿಕೊಂಡು ಪ್ರಾಣಕ್ಕೇ ಕುತ್ತು ಬರುತ್ತದೆ, ದಪ್ಪನೆಯ ಬೆಕ್ಕುಗಳಿಗಂತೂ ಈ ಅಪಾಯ ಹೆಚ್ಚು. ಒಂದು ಇಡೀ ದಿನ ಬಟ್ಟಲು ಮುಟ್ಟದಿದ್ದರೆ ಪಶುವೈದ್ಯರನ್ನು ಕೇಳಲು ಸಂಕೋಚಪಡಬಾರದು. ಚಿಂಗಿ ಹಗಲಿಡೀ ಉಪವಾಸವಿದ್ದು, ನಾವೆಲ್ಲ ಮಲಗಿದ ಮೇಲೆ ಕದ್ದು ತಿನ್ನುತ್ತಿತ್ತು. ಕತ್ತಲಲ್ಲಿ ಕಟಂ ಕಟಂ ಎಂಬ ಸಪ್ಪಳ ಕೇಳಿದ ರಾತ್ರಿ ಅತ್ತೆಯವರು "ಉಣ್ಣಾಕ ಹತ್ತೈತಿ, ಯಾರೂ ಏಳಬ್ಯಾಡ್ರಿ" ಎಂದು ಪಿಸುಗುಟ್ಟಿದಾಗ, ನನ್ನ ಅರ್ಧ ಕೆಲಸ ಮುಗಿಯಿತೆಂದುಕೊಂಡೆ.

ಸದ್ದಿನ ಮಾತನ್ನು ಹೇಳಲೇಬೇಕು. ಮನುಷ್ಯನ ಕಿವಿಗೆ ಸುಮಾರು 20,000 ಹರ್ಟ್ಸ್‌ವರೆಗಿನ ಧ್ವನಿ ಕೇಳಿದರೆ, ಬೆಕ್ಕಿಗೆ 60,000ಕ್ಕೂ ಮೇಲಿನದು ಕೇಳುತ್ತದೆ. ಕುಕ್ಕರಿನ ಸೀಟಿ, ಮಿಕ್ಸರಿನ ಅರಚಾಟ ಕೇಳಿದಾಗಲೆಲ್ಲ ಚಿಂಗಿ ಪೆಟ್ಟಿಗೆಯ ತಳಕ್ಕೆ ಇಳಿಯುತ್ತಿತ್ತು. ವಿಚಿತ್ರವೆಂದರೆ ಜೋಳದ ರೊಟ್ಟಿ ಬಡಿಯುವ ಸಪ್ಪಳಕ್ಕೆ ಮಾತ್ರ ಅದು ಮೊದಲ ದಿನದಿಂದಲೂ ಬೆದರಲಿಲ್ಲ. ಅಂಗೈ ಹಿಟ್ಟಿನ ಮೇಲೆ ಬೀಳುವ ಆ ಟಪ ಟಪ ಗದಗಿನಲ್ಲಿಯೂ ಅದೇ ಹೊತ್ತಿಗೆ, ಅದೇ ಲಯದಲ್ಲಿ ಕೇಳುತ್ತಿದ್ದಿರಬೇಕು. ಸೀಮೆ ಒಂದೇ ಆದದ್ದರಿಂದ ಸಿಕ್ಕ ಲಾಭವಿದು. ಪುಣೆಯ ಫ್ಲ್ಯಾಟಿಗೆ ಹೋಗಿದ್ದರೆ ಸಿಗುತ್ತಿತ್ತೋ ಇಲ್ಲವೋ.

ಚಿಂಗಿಯ ಮೊದಲ ಸ್ನೇಹ ಕುದುರಿದ್ದು ನಮ್ಮ ಮನೆಯಲ್ಲಿ ಬೆಕ್ಕೇ ಬೇಡವೆಂದಿದ್ದ ಏಕೈಕ ವ್ಯಕ್ತಿಯೊಡನೆ. ಮಾವನವರು ಮಧ್ಯಾಹ್ನ ಆ ಕೋಣೆಯಲ್ಲಿಯೇ ಚಾಪೆ ಹಾಸಿ ಕುಳಿತು ಪತ್ರಿಕೆಯನ್ನು ಸಣ್ಣ ದನಿಯಲ್ಲಿ ಓದಿಕೊಳ್ಳುವವರು. ಬೆಕ್ಕಿಗಾಗಿ ಆ ರೂಢಿಯನ್ನು ಬಿಡಲು ಅವರು ಸಿದ್ಧರಿರಲಿಲ್ಲ. ಅವರು ಅದನ್ನು ಕರೆಯಲಿಲ್ಲ, ನೋಡಲಿಲ್ಲ, ಕೈ ಚಾಚಲಿಲ್ಲ, ಎತ್ತರದಿಂದ ಬಗ್ಗಲಿಲ್ಲ. ನೆಲಮಟ್ಟದಲ್ಲಿ, ದಿನವೂ ಒಂದೇ ಹೊತ್ತಿಗೆ, ಒಂದೇ ದನಿಯಲ್ಲಿ ಮಾರುಕಟ್ಟೆಯ ಧಾರಣೆ ಓದಿದರು. ಪುಸ್ತಕ ಓದಿ ತಿಳಿದು ಮಾಡಿದರೂ ಇದಕ್ಕಿಂತ ಚೆನ್ನಾಗಿ ಮಾಡಲಾಗದು. ಒಂದು ದಿನ ಟ್ರಂಕಿನ ಅಂಚಿನಲ್ಲಿ ಮೂಗು ಕಂಡಿತು, ಇನ್ನೊಂದು ದಿನ ಮುಂಗಾಲು, ಆಮೇಲೆ ಚಾಪೆಯ ತುದಿಗೆ ಪೂರ್ತಿ ಬೆಕ್ಕು. ಓದುತ್ತ ಓದುತ್ತ ಅವರಿಗೆ ತೂಕಡಿಕೆ ಬಂದು ರೆಪ್ಪೆ ನಿಧಾನಕ್ಕೆ ಮುಚ್ಚಿ ತೆರೆಯುತ್ತಿತ್ತು. ಹೀಗೆ ಕಣ್ಣನ್ನು ಮೆಲ್ಲಗೆ ಕಿರಿದುಗೊಳಿಸಿ ಮುಚ್ಚುವುದನ್ನು ಬೆಕ್ಕು ಸ್ನೇಹದ ಸನ್ನೆಯಾಗಿ ಸ್ವೀಕರಿಸಿ ತಾನೂ ಹಾಗೆಯೇ ಮಾಡುತ್ತದೆ, ಹಾಗೆ ಮಾಡಿದ ಅಪರಿಚಿತರ ಕೈಯ ಹತ್ತಿರಕ್ಕೂ ಹೆಚ್ಚು ಧೈರ್ಯದಿಂದ ಬರುತ್ತದೆ ಎಂದು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ತೋರಿಸಿಕೊಟ್ಟಿದ್ದಾರೆ. ಮಾವನವರು ಊಟದ ನಂತರದ ನಿದ್ದೆಯಿಂದಲೇ ಇದನ್ನು ಸಾಧಿಸಿದರು.

ಆಮೇಲೆ ಕೋಣೆಯ ಬಾಗಿಲು ಓರೆಯಾಯಿತು, ನಡುಮನೆ ತೆರೆಯಿತು, ಮಂಚದ ಕಾಲಿಗೆ ಕೆನ್ನೆ ತೀಡಿದ ಗುರುತು ಎಣ್ಣೆಮಿಶ್ರಿತ ಕಪ್ಪಾಗಿ ಕಾಣತೊಡಗಿತು. ಹಿತ್ತಲಿಗೆ ಮಾತ್ರ ಬಿಡಲು ಮೂರು ನಾಲ್ಕು ವಾರವಾದರೂ ಕಾಯಬೇಕು, ಇಲ್ಲದಿದ್ದರೆ ಹಳೆಯ ಮನೆಯ ದಿಕ್ಕು ಹಿಡಿದು ಹೊರಟುಬಿಡುವ ಬೆಕ್ಕುಗಳುಂಟು. ಹೊರಗೆ ಬಿಡುವ ಮುನ್ನ ಹುಚ್ಚುನಾಯಿ ರೋಗದ ಲಸಿಕೆ, ಸಂತಾನಹರಣ ಚಿಕಿತ್ಸೆ ಎರಡೂ ಆಗಿರಬೇಕು. ಇವು ಮುಗಿಸಿ ದವಾಖಾನೆಯಿಂದ ಬಂದ ಸಂಜೆ ಚಿಂಗಿ ಮತ್ತೆ ಟ್ರಂಕಿನ ಹಿಂದೆ ಹೋಯಿತು. ಈ ಸಲ ಯಾರೂ ಬಗ್ಗಿ ನೋಡಲಿಲ್ಲ, ಬಗಲಮನೆಯ ಮಕ್ಕಳೂ ಸಹ.

ಬೆಕ್ಕು ತರುವವರು ಹಬ್ಬದ ಪಂಚಾಂಗವನ್ನೂ ನೋಡಿಕೊಳ್ಳುವುದು ಲೇಸು. ದೀಪಾವಳಿಯ ಪಟಾಕಿಯ ವಿಷಯ ಎಲ್ಲರಿಗೂ ಗೊತ್ತು, ಆದರೆ ಹುಬ್ಬಳ್ಳಿ ಧಾರವಾಡದಲ್ಲಿ ಹೋಳಿಯ ಹಲಗಿಗಳು ಹುಣ್ಣಿಮೆಗೆ ಎಷ್ಟೋ ಮೊದಲೇ ಓಣಿ ಓಣಿಗಳಲ್ಲಿ ಸುರುವಾಗುತ್ತವೆ, ಹುಬ್ಬಳ್ಳಿಯಲ್ಲಿ ರಂಗಪಂಚಮಿಯವರೆಗೂ ನಿಲ್ಲುವುದಿಲ್ಲ. ಆ ಹೊತ್ತಿಗೆ ನಮ್ಮ ಕೋಣೆಯ ಕಿಟಕಿ ಸರಿಯಾಗಿ ಮುಚ್ಚುವಂತಾಗಬೇಕು, ಅದರ ಚಿಲಕ ಸಡಿಲಾಗಿದೆ. ಬಡಿಗೇರನಿಗೆ ಹೇಳಿದ್ದೇನೆ. "ನಾಳೆ ಬರ್ತೀನ್ರಿ" ಎಂದಿದ್ದಾನೆ.