ಸಮುದ್ರದ ಪಕ್ಕ ಕೂರೋದಕ್ಕೂ ದುಡ್ಡಾ?

ನಿನ್ನೆಯಿಂದ ಹೊಟ್ಟೆ ಉರಿಯುತ್ತಿದೆ. ಬರೆದೇ ಬಿಡುತ್ತೇನೆ.

ಆಯಿ, ಅಂದರೆ ನನ್ನ ಅಮ್ಮ, ಊರಿಂದ ನಮ್ಮಲ್ಲಿಗೆ ಬಂದು ಮೂರು ವಾರ ಆಯ್ತು. ಹುಟ್ಟಿದಾಗಿನಿಂದ ಹೊನ್ನಾವರದ ಕಡಲ ಪಕ್ಕವೇ ಬದುಕಿದವಳು. ಇಟಲಿಯ ಜೆನೋವಾದ ನಮ್ಮ ಮನೆಯ ಕಿಟಕಿಯಿಂದ ಬಂದರಿನ ಕ್ರೇನುಗಳು ಮಾತ್ರ ಕಾಣುತ್ತವೆ. "ಸಮುದ್ರ ಎಲ್ಲೇ?" ಅಂತ ದಿನಾ ಕೇಳುತ್ತಿದ್ದಳು. ಅದಕ್ಕೇ ನಿನ್ನೆ ಸೆಸ್ತ್ರಿ ಲೆವಾಂತೆ ಅನ್ನುವ ಕಡಲ ಊರಿಗೆ ಕರೆದುಕೊಂಡು ಹೋದೆ. ಜೆನೋವಾದಿಂದ ಲಾ ಸ್ಪೆಜಿಯಾ ಕಡೆ ಹೋಗುವ ರೈಲು, ಹತ್ತಿರ ಹತ್ತಿರ ಒಂದು ಗಂಟೆ ದಾರಿ.

ಊರಿಗೆ ಎರಡು ಕೊಲ್ಲಿ. ಮೊದಲು ಇದ್ದ ಒಂದು ದ್ವೀಪಕ್ಕೂ ನೆಲಕ್ಕೂ ನಡುವೆ ಹೊಯ್ಗೆ ತುಂಬಿಕೊಂಡು ಸೇತುವೆಯಂತಾಗಿ, ಅದರ ಮೇಲೆ ಊರು ಬೆಳೆದಿದೆ. ಒಂದು ಕಡೆ ದೊಡ್ಡದು, 'ಕಥೆಗಳ ಕೊಲ್ಲಿ'. ಡೆನ್ಮಾರ್ಕಿನ ಕಥೆಗಾರ ಆಂಡರ್ಸನ್ ಇಲ್ಲಿ ತಂಗಿದ್ದ ಅಂತ ಆ ಹೆಸರು. ಇನ್ನೊಂದು ಕಡೆ ಚಿಕ್ಕದು, 'ಮೌನದ ಕೊಲ್ಲಿ'.

ನಾವು ಮೊದಲು ದೊಡ್ಡದಕ್ಕೇ ಹೋದೆವು. ಅಲ್ಲೇ ಎಡವಟ್ಟಾಯ್ತು. ಸಾಲು ಸಾಲು ಕೊಡೆ, ಪ್ರತಿ ಕೊಡೆಯ ಕೆಳಗೆ ಎರಡು ಮಲಗುವ ಕುರ್ಚಿ. ಎಲ್ಲ ಬಾಡಿಗೆಗೆ. ಒಂದು ಕೊಡೆ, ಎರಡು ಕುರ್ಚಿಗೆ 30 ಯೂರೋ ಕೇಳಿದರು. ನಮಗೆ ಕುರ್ಚಿ ಬೇಕಿರಲಿಲ್ಲ. ಕೊಡೆಗಳ ಮುಂದೆ, ನೀರಿನ ಅಂಚಿನಲ್ಲಿ ನಡೆದು ಹೋಗುತ್ತಿದ್ದೆವು. ಮಂಡಿ ನೋವು ಅಂತ ಆಯಿ ಅಲ್ಲೇ ಒದ್ದೆ ಹೊಯ್ಗೆ ಮೇಲೆ ಕೂತಳು. ಎರಡು ನಿಮಿಷ ಆಗಿರಲಿಲ್ಲ, ಕೆಲಸದ ಹುಡುಗ ಬಂದ. ಇಲ್ಲಿ ನಡೆಯಬಹುದು, ಕೂರುವಂತಿಲ್ಲ ಅಂದ.

ಆಯಿಗೆ ಹೇಗೆ ಹೇಳಲಿ? ಹೇಳಿದೆ. ಸೆರಗು ಕೊಡವಿ ಎದ್ದಳು. "ಏನೇ ಇದು, ಸಮುದ್ರಕ್ಕೂ ದುಡ್ಡು ಕೊಡ್ಬೇಕಾ?" ಅಂದಳಷ್ಟೇ. ನನಗೆ ಅಳು ಬಂತು. ಇಲ್ಲಿಗೆ ಬಂದು ಆರು ವರ್ಷ ಆಯ್ತು, ನಾನೂ ಎಷ್ಟೋ ಸಲ ಆ 30 ಯೂರೋ ಕೊಟ್ಟು ಮಲಗಿದ್ದೇನೆ. ಇದು ಸರಿಯಾ ಅಂತ ಒಂದು ದಿನವೂ ಕೇಳಿಕೊಂಡಿರಲಿಲ್ಲ. ನಿನ್ನೆ ನಾಚಿಕೆಯಾಯ್ತು.

ಇಟಲಿಯ ಸಿವಿಲ್ ಕಾನೂನಿನಲ್ಲೇ ಸಮುದ್ರತೀರ ಸರ್ಕಾರದ ಸೊತ್ತು, ಅಂದರೆ ಎಲ್ಲರದ್ದು. ಕೊಡೆ ಹಾಕಲು ಅದನ್ನು ಸರ್ಕಾರದಿಂದ ಗುತ್ತಿಗೆ ಹಿಡಿದವರು ನೀರಿನ ಅಂಚಿಗೆ ಹೋಗಲು ಎಲ್ಲರಿಗೂ ಪುಕ್ಕಟೆ ದಾರಿ ಬಿಡಬೇಕು ಅಂತ 2006ರ ಕಾನೂನೂ ಹೇಳುತ್ತದೆ. ದಾರಿ ಏನೋ ಇದೆ. ಕೂರಲು ಜಾಗ? ಲೆಗಾಂಬಿಯೆಂತೆ ಅನ್ನುವ ಪರಿಸರ ಸಂಘಟನೆಯ 2021ರ ವರದಿ ಪ್ರಕಾರ, ನಾವಿರುವ ಲಿಗೂರಿಯಾ ಪ್ರಾಂತ್ಯದಲ್ಲಿ ಹೊಯ್ಗೆ ಇರುವ ತೀರದಲ್ಲಿ ಸುಮಾರು 70% ಹೀಗೆ ಬಾಡಿಗೆ ಕೊಡೆಯವರ ಕೈಯಲ್ಲಿದೆ. ಗುತ್ತಿಗೆ ಮುಗಿದ ಮೇಲೆ ಎಲ್ಲರಿಗೂ ಅವಕಾಶ ಕೊಟ್ಟು ಹೊಸದಾಗಿ ಟೆಂಡರ್ ಕರೆಯಬೇಕು ಅಂತ ಯುರೋಪಿಯನ್ ಒಕ್ಕೂಟ 2006ರಲ್ಲೇ ನಿಯಮ ತಂದಿತು. ಇಟಲಿ ಸರ್ಕಾರದವರು ಮುಂದೂಡುತ್ತಲೇ ಬಂದರು. ಈಗಿನ ಗಡುವು 2027ರ ಸೆಪ್ಟೆಂಬರ್.

ಆಯಿ ಇನ್ನೊಂದು ಮಾತು ಕೇಳಿದಳು. "ಇಲ್ಲಿ ಇಳಿತ ಆಗೋದಿಲ್ವಾ?" ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ನಮ್ಮೂರಲ್ಲಿ ನೀರು ಇಳಿದರೆ ಆಟದ ಮೈದಾನದಷ್ಟು ಹೊಯ್ಗೆ ಸಿಗುತ್ತದೆ. ಇಲ್ಲಿ ಭರತ-ಇಳಿತದ ನಡುವೆ ಒಂದು ಗೇಣೋ ಎರಡು ಗೇಣೋ ವ್ಯತ್ಯಾಸ. ಕೊಡೆಗಳ ಮುಂದೆ ಬೆಳಗ್ಗೆ ಬಿಟ್ಟ ಪಟ್ಟಿ ಎಷ್ಟೋ, ಸಂಜೆಗೂ ಅಷ್ಟೇ.

ಕೊಡೆಯವರು ತೀರ ಗುಡಿಸುತ್ತಾರೆ, ಶೌಚಾಲಯ, ಸ್ನಾನದ ನೀರು ಕೊಡುತ್ತಾರೆ, ಮುಳುಗುವವರನ್ನು ಕಾಯಲು ಆಳು ಇಡುತ್ತಾರೆ, ಎಷ್ಟೋ ಮನೆಗಳ ಒಲೆ ಅದರಿಂದ ಉರಿಯುತ್ತದೆ ಅಂತ ನನ್ನ ಗೆಳತಿ ರಾತ್ರಿ ಫೋನಿನಲ್ಲಿ ವಾದ ಮಾಡಿದಳು. ಸರಿ, ಕುರ್ಚಿಗೆ ದುಡ್ಡು ತಗೊಳ್ಳಿ, ಸ್ನಾನಕ್ಕೆ ತಗೊಳ್ಳಿ. ಮಂಡಿ ನೋಯುವ ಮುದುಕಿ ಹೊಯ್ಗೆ ಮೇಲೆ ಕೂತರೆ ಯಾರ ಗಂಟು ಹೋಗುತ್ತದೆ? ನನಗೆ ಈ ವಾದ ಒಪ್ಪಿಗೆಯೇ ಆಗೋದಿಲ್ಲ.

ಅಲ್ಲಿಂದ ಎದ್ದು ಊರೊಳಗಿನ ಕಿರಿದಾದ ಬೀದಿ ದಾಟಿದೆವು. ದಾರಿಯಲ್ಲಿ ಫರಿನಾತಾ ಕೊಡಿಸಿದೆ. ಕಡಲೆ ಹಿಟ್ಟು, ನೀರು, ಎಣ್ಣೆ, ಉಪ್ಪು ಕಲಸಿ ಅಗಲ ತಟ್ಟೆಯಲ್ಲಿ ಸುಟ್ಟದ್ದು. ಅಂಚು ಗರಿಗರಿ, ನಡುವೆ ಮೆತ್ತಗೆ. "ಇದಕ್ಕೆ ಒಂದು ಹಸಿಮೆಣಸು ಬೇಕಿತ್ತು" ಅಂತ ಹೇಳುತ್ತಲೇ ಆಯಿ ಎರಡು ತುಂಡು ತಿಂದಳು.

ಬೀದಿ ಮುಗಿದು ನಾಲ್ಕು ಹೆಜ್ಜೆ ಇಳಿದರೆ ಮೌನದ ಕೊಲ್ಲಿ! ಅಂಗೈ ಬಗ್ಗಿಸಿದ ಹಾಗೆ ಪುಟ್ಟ ದಂಡೆ. ಹಳದಿ, ಗುಲಾಬಿ, ಕಾವಿ ಬಣ್ಣದ ಮನೆಗಳು ನೀರಿಗೆ ಅಂಟಿಕೊಂಡೇ ನಿಂತಿವೆ. ಹೊಯ್ಗೆ ಮೇಲೆ ಎಳೆದಿಟ್ಟ ಮರದ ದೋಣಿಗಳು. ಆಗಸ್ಟಿನಲ್ಲಿ ಇಲ್ಲೂ ಕಾಲಿಡಲು ಜಾಗ ಇರೋದಿಲ್ಲ, ಹೆಸರಲ್ಲಿ ಮಾತ್ರ ಮೌನ. ಆದರೆ ಈಗ ಸೆಪ್ಟೆಂಬರ್ ಕೊನೆ. ಹತ್ತಿಪ್ಪತ್ತು ಜನ. ಸಾಲು ಕೊಡೆಗಳಿಲ್ಲ. ಟವೆಲ್ ಹಾಸಿ ಕೂತವರನ್ನು ಯಾರೂ ಏನೂ ಕೇಳಲಿಲ್ಲ.

ಆಯಿ ಸೀದಾ ಒಂದು ದೋಣಿಯ ಪಕ್ಕ ಹೋಗಿ ಕೂತಳು. ದೋಣಿಯ ನೀಲಿ ಬಣ್ಣ ಬಿಸಿಲಿಗೆ ಸಿಪ್ಪೆ ಎದ್ದಿತ್ತು. ಹಲಗೆಗಳ ಸಂದಿನ ಮೇಲೆ ಬೆರಳಾಡಿಸಿ ನೋಡಿದಳು, ಅಪ್ಪನ ದೋಣಿಯನ್ನು ನೋಡುತ್ತಿದ್ದ ಹಾಗೇ. ಆಮೇಲೆ ಎದುರಿನ ಮನೆಯೊಂದರ ಕಿಟಕಿ ತೋರಿಸಿದಳು. "ಅದು ಆಗಿನಿಂದ ಅರ್ಧವೇ ತೆರೆದಿದೆ, ಒಳಗೆ ಯಾರೂ ಇಲ್ವಾ?" ನಾನು ಕಣ್ಣು ಕಿರಿದು ಮಾಡಿ ನೋಡಿದೆ. ಕಿಟಕಿ ಅಲ್ಲ, ಗೋಡೆ ಮೇಲೆ ಬರೆದ ಚಿತ್ರ! ಕದದ ಪಟ್ಟಿ, ಅದರ ನೆರಳು, ಎಲ್ಲ ಬಣ್ಣದ್ದೇ. ಲಿಗೂರಿಯಾದಲ್ಲಿ ಹೀಗೆ ಬರೆಯುವುದು ಹಳೇ ಪದ್ಧತಿ. ಹೇಳಿದರೆ ಆಯಿ ನಂಬಲೇ ಇಲ್ಲ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು ಅವಳಿಗೆ.

ಆಮೇಲೆ ಸೀರೆ ಸ್ವಲ್ಪ ಎತ್ತಿ ಕಟ್ಟಿ, ಕಾಲು ನೀರಲ್ಲಿ ಬಿಟ್ಟು ಕೂತಳು. ಏನೂ ಮಾತಿಲ್ಲ. ಐದೂವರೆ ರೈಲಿಗೆ ಹೊರಡೋಣ ಅಂದೆ, ಕೇಳಿಸದವಳ ಹಾಗೆ ಇದ್ದಳು. ಇನ್ನೊಂದು ಸಲ ಹೇಳಲು ಮನಸ್ಸಾಗಲಿಲ್ಲ. ಅದು ಹೋಯಿತು. ಅದರ ನಂತರದ್ದೂ ಹೋಯಿತು.