ಕೆಜಿಎಫ್‌ನ ಸಣ್ಣ ಮನೆಗಳನ್ನು ಈಗಲೇ ಅಳೆದಿಡಬೇಕು

ಕೋಲಾರದ ಚಿನ್ನದ ಗಣಿಯ ಊರು ಕೆಜಿಎಫ್‌ಗೆ ಕ್ಯಾಮೆರಾ ಹಿಡಿದು ಬರುವವರು ಹೆಚ್ಚಾಗಿ ಮೂರು ಕಡೆ ನಿಲ್ಲುತ್ತಾರೆ. ಶಾಫ್ಟ್ (ಗಣಿಗೆ ಇಳಿಯುವ ಬಾವಿ) ಮೇಲಿನ ಕಬ್ಬಿಣದ ಗೋಪುರ, ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿ ರಾಶಿಯಾದ ಸೈನೈಡ್ ದಿಬ್ಬ, ಆಮೇಲೆ ಸಾಹೇಬರ ಬಂಗಲೆ. ಬಂಗಲೆಯ ವರಾಂಡ, ಮರದ ಜಾಲರಿ, ಬೆಂಕಿಗೂಡು ಎಲ್ಲವೂ ಫೋಟೋದಲ್ಲಿ ಬರುತ್ತವೆ. ಬರಲಿ, ಒಳ್ಳೆಯದೇ. ಆದರೆ ಅಲ್ಲಿಂದ ಸ್ವಲ್ಪ ಕೆಳಗೆ ಇಳಿದರೆ ಸಾಲು ಸಾಲಾಗಿ ಸಣ್ಣ ಮನೆಗಳಿವೆ. ಮೇಸ್ತ್ರಿ, ಫಿಟ್ಟರ್, ಸುರಂಗಕ್ಕೆ ಮರದ ಆಸರೆ ಕೊಡುವ ಟಿಂಬರ್‌ಮ್ಯಾನ್, ಶಾಫ್ಟಿನೊಳಗೆ ಇಳಿದ ಸಾವಿರಾರು ಜನ ಬದುಕಿದ ಮನೆಗಳು. ಅವುಗಳ ಮುಂದೆ ಯಾರಾದರೂ ಟೇಪು ಹಿಡಿದು ನಿಂತದ್ದನ್ನು ನಾನು ನೋಡಿಲ್ಲ.

ಈ ಮನೆಗಳನ್ನು ಅಳೆದು, ನಕ್ಷೆ ಬರೆದು, ಫೋಟೋ ತೆಗೆದು ಇಡಬೇಕು. ಹಾಗೆ ಮಾಡುವಾಗ ಕಟ್ಟಿದ ದಿನ ಹೇಗಿತ್ತು ಅನ್ನೋದನ್ನಷ್ಟೇ ಬರೆದರೆ ಸಾಲದು. ಆಮೇಲೆ ಅಲ್ಲಿದ್ದವರು ಏನೇನು ಬದಲಾಯಿಸಿದರು, ಯಾವಾಗ, ಯಾಕೆ ಅನ್ನೋದೂ ಅದೇ ನಕ್ಷೆಯಲ್ಲಿ ಬರಬೇಕು. ನನಗೆ ಇದು ಎಷ್ಟು ಮುಖ್ಯ ಅನ್ನಿಸಿತು ಅಂದರೆ ನಮ್ಮ ಚಿಕ್ಕಮ್ಮನ ಮನೆಯಿಂದಲೇ ಶುರು ಮಾಡಿದ್ದೇನೆ.

ಚಿಕ್ಕಮ್ಮನ ಮನೆ ಇರುವುದು ಕೆಜಿಎಫ್ ಗಣಿಗಳಲ್ಲೊಂದಾದ ಚಾಂಪಿಯನ್ ರೀಫ್ ಕಡೆ. ಒಂದೇ ಛಾವಣಿ, ನಡುವೆ ಗೋಡೆ, ಆ ಕಡೆ ಒಂದು ಸಂಸಾರ, ಈ ಕಡೆ ಒಂದು. ಮುಂದೆ ತಗಡಿನ ಮಾಡಿನ ವರಾಂಡ, ಒಳಗೆ ಎರಡು ಕೋಣೆ, ಹಿಂದೆ ಅಡುಗೆಮನೆ. ಮುಂದಿನ ಕೋಣೆ 11 ಅಡಿ ಉದ್ದ, 10 ಅಡಿ ಅಗಲ. ಕಲ್ಲು ಮತ್ತು ಇಟ್ಟಿಗೆಯ ಗೋಡೆ, ಸುಣ್ಣದ ಗಾರೆ, ಮೇಲೆ ಮಂಗಳೂರು ಹೆಂಚು. ಮೊದಲು ಅಲ್ಲಿ ಮೇಲ್ವಿಚಾರಕರ ದರ್ಜೆಯವರು ಇದ್ದರಂತೆ. ಗಣಿ ಸರ್ಕಾರದ ಕೈಗೆ ಬಂದ ಮೇಲೆ ಕಾರ್ಮಿಕರಿಗೆ ಸಿಕ್ಕಿತು. ಚಿಕ್ಕಪ್ಪ ಅಲ್ಲಿಂದಲೇ ಶಿಫ್ಟಿಗೆ ಹೋಗುತ್ತಿದ್ದರು.

ಇಂಥ ಮನೆಯ ವಯಸ್ಸು ಕಾಗದದಲ್ಲಿ ಸಿಗೋದು ಕಷ್ಟ. ಮನೆಯನ್ನೇ ಕೇಳಬೇಕು. ಮೊದಲ ಸಾಕ್ಷಿ ಹೆಂಚು. ರಿಪೇರಿಗೆ ಅಂತ ಹೆಂಚು ಇಳಿಸಿದಾಗ ಮಗುಚಿ ನೋಡಿ, ಅಡಿಯಲ್ಲಿ ಕಾರ್ಖಾನೆಯ ಮುದ್ರೆ ಇರುತ್ತೆ. ಚಿಕ್ಕಮ್ಮನ ಮನೆಯಲ್ಲಿ ಎರಡು ತರಹದ ಮುದ್ರೆ ಸಿಕ್ಕಿತು. ಕೆಲವು ಸ್ವಿಟ್ಜರ್ಲೆಂಡ್ ಮೂಲದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನವು, ಕೆಲವು ಕಾಮನ್‌ವೆಲ್ತ್ ಟ್ರಸ್ಟಿನವು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಮೊದಲನೇ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸರ್ಕಾರ ಮಿಷನ್ನಿನ ಉದ್ದಿಮೆಗಳನ್ನು ವಶಪಡಿಸಿಕೊಂಡಿತು, ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದವು. ಅಂದರೆ ಈ ಛಾವಣಿಯ ಕೆಲವು ಹೆಂಚು ಯುದ್ಧಕ್ಕಿಂತ ಹಳೆಯವು, ಕೆಲವು ಆಮೇಲೆ ರಿಪೇರಿಗೆ ಬಂದವು. ಹಳೇ ಹೆಂಚನ್ನು ಬೇರೆ ಮನೆಯಿಂದ ತಂದು ಹಾಕೋದೂ ಉಂಟು. ಹಾಗಾಗಿ ಹೆಂಚು ಒಂದನ್ನೇ ನಂಬಿ ತೀರ್ಮಾನ ಮಾಡಬಾರದು.

ಇನ್ನೊಂದು ಎಚ್ಚರಿಕೆ. ಕೆಲವು ಹೆಂಚಿನ ಮೇಲೆ 1865 ಅಂತಲೋ 1868 ಅಂತಲೋ ಇರುತ್ತೆ. ಅದನ್ನು ನೋಡಿ ಮನೆ ಅಷ್ಟು ಹಳೆಯದು ಅಂದುಕೊಳ್ಳುವವರು ಬಹಳ. ಅದು ಕಾರ್ಖಾನೆ ಶುರುವಾದ ವರ್ಷ. ಆಗ ಇಲ್ಲಿ ಈಗಿನ ಗಣಿಯೇ ಇರಲಿಲ್ಲ. ಲ್ಯಾವೆಲ್ ಎಂಬ ನಿವೃತ್ತ ಸೈನಿಕ ಬಂದು ಚಿನ್ನ ಹುಡುಕೋಕೆ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದದ್ದು 1870ರ ದಶಕದಲ್ಲಿ, ಗಣಿ ನಡೆಸಿದ ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿ ಕಾಲಿಟ್ಟದ್ದು 1880ರಲ್ಲಿ. ಬಂಗಾರಪೇಟೆಯಿಂದ ಕೆಜಿಎಫ್‌ನ ಮಾರಿಕುಪ್ಪಂವರೆಗೆ ರೈಲು ಬಂದದ್ದು 1894ರಲ್ಲಿ. ಮಂಗಳೂರಿನ ಹೆಂಚು, ಇಂಗ್ಲೆಂಡಿನ ತಗಡು, ಉಕ್ಕಿನ ತೊಲೆಗಳನ್ನು ಈ ಊರಿಗೆ ರಾಶಿ ರಾಶಿ ತರಿಸೋದು ಸುಲಭವಾದದ್ದು ಆಮೇಲೆಯೇ ಅಲ್ವಾ?

ಎರಡನೇ ಸಾಕ್ಷಿ ವೈರಿಂಗು. ಶಿವನಸಮುದ್ರದ ಕರೆಂಟು 1902ರಲ್ಲಿ ಕೆಜಿಎಫ್ ಗಣಿಗೆ ಬಂತು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ನಮ್ಮೂರಿನವರು ಇದನ್ನು ಹೆಮ್ಮೆಯಿಂದ ಹೇಳುತ್ತಾರೆ, ಹೇಳಲೇಬೇಕು. ಆದರೆ ಗಣಿಗೆ ಬಂದ ಕರೆಂಟು ಪಕ್ಕದ ಸಣ್ಣ ಮನೆಯೊಳಗೆ ಯಾವಾಗ ಬಂತು? ಇದಕ್ಕೆ ಮನೆ ಮನೆಗೂ ಬೇರೆ ಉತ್ತರ. ಚಿಕ್ಕಮ್ಮನ ಮನೆಯ ಅಡ್ಡತೊಲೆಯ ಮೇಲೆ ಪಿಂಗಾಣಿಯ ಗುಬುಟುಗಳು ಇನ್ನೂ ಉಳಿದಿವೆ. ಅವುಗಳ ಪಕ್ಕದಲ್ಲೇ ಮರದ ಪಟ್ಟಿ, ಅದರ ಮೇಲೆ ಕ್ಲಿಪ್ ಹೊಡೆದ ವೈರು. ಅದರ ಕೆಳಗೆ ಈಗಿನ ಪಿವಿಸಿ ಪೈಪು. ಮೂರು ಕಾಲದ ಕರೆಂಟು ಒಂದೇ ಗೋಡೆಯ ಮೇಲೆ! ಚಿಕ್ಕಮ್ಮ ಮದುವೆಯಾಗಿ ಬಂದಾಗ ಇದ್ದದ್ದು ನಡುಮನೆಯ ಒಂದೇ ಬಲ್ಬು. ಅಡುಗೆಮನೆಯಲ್ಲಿ ಬುಡ್ಡಿ ದೀಪ.

ಇನ್ನು ಗೋಡೆಯ ಸೀಳು. ಕೆಜಿಎಫ್ ಮನೆಯನ್ನು ಬೇರೆ ಊರಿನ ಹಳೇ ಮನೆಯ ಹಾಗೆ ನೋಡಬಾರದು ಅಂತ ನಾನು ಹೇಳೋದು ಇದಕ್ಕೇ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳ ಹೋಗಿತ್ತು. ಅಷ್ಟು ಆಳದಲ್ಲಿ ಕಲ್ಲಿನ ಮೇಲೆ ಭಯಂಕರ ಒತ್ತಡ. ಅದಿರು ತೆಗೆದ ಜಾಗದ ಸುತ್ತ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತಿತ್ತು. ಊರಲ್ಲಿ ಅದಕ್ಕೆ ಏರ್ ಬ್ಲಾಸ್ಟ್ ಅನ್ನುತ್ತಿದ್ದರು. ಕೆಳಗೆ ಜೀವ ಹೋಗುತ್ತಿತ್ತು, ಮೇಲೆ ಮನೆ ನಡುಗುತ್ತಿತ್ತು. ಬಂಡೆಗಳ ಮೇಲಿನ ಒತ್ತಡವನ್ನು ಅಧ್ಯಯನ ಮಾಡುವ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ರಾಕ್ ಮೆಕ್ಯಾನಿಕ್ಸ್ 1988ರಲ್ಲಿ ಇದೇ ಊರಲ್ಲಿ ಶುರುವಾದದ್ದು ಸುಮ್ನೆ ಅಲ್ಲ.

ಹಿಂದಿನ ಕೋಣೆಯ ಕಿಟಕಿಯ ಮೂಲೆಯಿಂದ ಒಂದು ಸೀಳು ಓರೆಯಾಗಿ ಮೇಲಕ್ಕೆ ಹತ್ತಿದೆ. ಕೆಳಭಾಗದಲ್ಲಿ ಇಟ್ಟಿಗೆ ಚೂರು ಮತ್ತು ಸುಣ್ಣ ತುಂಬಿದ್ದಾರೆ. ಮೇಲ್ಭಾಗದಲ್ಲಿ ಸಿಮೆಂಟು. ಅದರ ಪಕ್ಕದಲ್ಲಿ ಕೂದಲೆಳೆಯಷ್ಟು ಸಣ್ಣ ಹೊಸ ಬಿರುಕು. ಹೊರಗಡೆಯಿಂದ ಒಂದು ಒತ್ತುಗೋಡೆ ಕೊಟ್ಟಿದ್ದಾರೆ. "ರಾತ್ರಿ ಮಲಗಿದ್ದಾಗ ಗುಡುಗಿದ ಹಾಗಾಗೋದು. ಗೂಡಲ್ಲಿಟ್ಟ ಲೋಟ ಎಲ್ಲ ಕೆಳಗೆ. ನಿಮ್ಮ ಚಿಕ್ಕಪ್ಪ ನೈಟ್ ಶಿಫ್ಟಲ್ಲಿದ್ದರೆ ನಾವು ಯಾರೂ ಮಲಗ್ತಿರಲಿಲ್ಲ, ಬೀದಿಯಲ್ಲಿ ನಿಂತ್ಕೊಳ್ತಿದ್ವಿ" ಅಂತ ಚಿಕ್ಕಮ್ಮ ಹೇಳಿದರು. ಆ ಸೀಳನ್ನು ಬರೀ 'ಹಾನಿ' ಅಂತ ಗುರುತು ಹಾಕಿ ಮುಂದೆ ಹೋಗೋಕೆ ನನ್ನ ಕೈಯಲ್ಲಿ ಆಗಲ್ಲ. ಅದರ ಉದ್ದ, ಅಗಲ ಬರೆದೆ. ಎಲ್ಲಿ ಸುಣ್ಣ, ಎಲ್ಲಿ ಸಿಮೆಂಟು ಅಂತ ಬರೆದೆ. ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಹಾಕಿದೆ. ಬಿರುಕು ಬೆಳೆದರೆ ಮುಂದೆ ಬಂದು ನೋಡುವವರಿಗೆ ಗೊತ್ತಾಗುತ್ತೆ.

ಕಿಟಕಿಯ ಮೇಲಿನ ವೆಂಟಿಲೇಟರ್ ಪ್ಲೈವುಡ್ ಹೊಡೆದು ಮುಚ್ಚಿದೆ. ಪುಸ್ತಕದ ಲೆಕ್ಕದಲ್ಲಿ ಅದು ತಪ್ಪು, ಹಳೇ ಮನೆಗೆ ಗಾಳಿ ಬೇಕು. ಆದರೆ ಗಾಳಿಯ ಕಾಲದಲ್ಲಿ ಸೈನೈಡ್ ದಿಬ್ಬದಿಂದ ಹಾರುವ ಬೂದಿಯಂಥ ಧೂಳು ಅನ್ನದ ತಟ್ಟೆಯ ಮೇಲೆ ಕೂರೋದನ್ನು ನೋಡಿದವರು ಯಾರೂ ಅದನ್ನು ತಪ್ಪು ಅನ್ನಲ್ಲ. ನಕ್ಷೆಯಲ್ಲಿ 'ವೆಂಟಿಲೇಟರ್ ಮುಚ್ಚಲಾಗಿದೆ' ಅಂತಷ್ಟೇ ಬರೆದರೆ ಅರ್ಧ ಮಾತು. 'ದಿಬ್ಬದ ಧೂಳಿಗೆ' ಅಂತ ಪಕ್ಕದಲ್ಲಿ ಬರೆದರೆ ಮನೆಯೂ ಗಣಿಯೂ ಸೇರುತ್ತವೆ.

ಮುಂದಿನ ಕೋಣೆಯಲ್ಲಿ ಒಂದು ಸಣ್ಣ ಬೆಂಕಿಗೂಡು ಇತ್ತು. ಚಳಿಗಾಲದಲ್ಲಿ ಕೆಜಿಎಫ್ ಚೆನ್ನಾಗಿಯೇ ಚಳಿ ಹಿಡಿಯುವ ಊರು. ಈಗ ಅದರ ಬಾಯಿ ಮುಚ್ಚಿ, ಕಡಪ ಕಲ್ಲು ಕೂರಿಸಿ, ದೇವರ ಗೂಡು ಮಾಡಿದ್ದಾರೆ. ಗೋಡೆಯ ಆ ಕಡೆ ಇರುವ ನೆರೆಮನೆಯ ತಾತನ ಮನೆಯಲ್ಲೂ ಅದೇ ಜಾಗದಲ್ಲಿ ಅದೇ ಗೂಡು. ಅಲ್ಲಿ ಬುದ್ಧನ ಪಟ, ಪಕ್ಕದಲ್ಲಿ ಬಾಬಾಸಾಹೇಬರ ಪಟ. ತಮಿಳು ಚಿಂತಕ ಅಯೋತಿ ದಾಸರ ಬೌದ್ಧ ಚಳವಳಿ 20ನೇ ಶತಮಾನದ ಶುರುವಿನಲ್ಲೇ ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗೆ ಬಂದಿತ್ತು. ಅಂಬೇಡ್ಕರ್ ಅವರು 1954ರಲ್ಲಿ ಕೆಜಿಎಫ್‌ಗೆ ಬಂದಿದ್ದರು. ತಾತ ಆಗ ಹುಡುಗ. ಅವರ ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದರಂತೆ. ಒಬ್ಬ ಇಂಜಿನಿಯರು ಇಂಗ್ಲೆಂಡಿನ ಕಾರ್ನ್‌ವಾಲಿನ ನೆನಪಲ್ಲಿ ಕಟ್ಟಿಸಿದ ಬೆಂಕಿಗೂಡು, ತಮಿಳುನಾಡಿನ ಉತ್ತರ ಆರ್ಕಾಟಿನಿಂದ ಬಂದವರ ಮೊಮ್ಮಕ್ಕಳಿಗೆ ಬುದ್ಧನ ಗೂಡಾಯಿತು. 'ಮೂಲ ರೂಪಕ್ಕೆ ತರುತ್ತೇವೆ' ಅಂತ ಯಾರಾದರೂ ಬಂದು ಅದನ್ನು ಕಿತ್ತು ಮತ್ತೆ ಬೆಂಕಿಗೂಡು ಮಾಡಿದರೆ, ಅದು ರಕ್ಷಣೆ ಅಂತ ನಾನು ಒಪ್ಪಲ್ಲ.

ಬದಲಾವಣೆ ಯಾವ ವರ್ಷ ಆಯಿತು ಅಂತ ಕೇಳಿದರೆ ಮನೆಯವರಿಗೆ ಥಟ್ಟನೆ ನೆನಪಾಗೋದಿಲ್ಲ. ಯಾವುದಕ್ಕೆ ಮಾಡಿಸಿದಿರಿ ಅಂತ ಕೇಳಬೇಕು. ಹಿತ್ತಲಿನ ಬಚ್ಚಲು ಯಾವಾಗ ಕಟ್ಟಿದ್ದು? "ದೊಡ್ಡ ಮಗಳು ದೊಡ್ಡವಳಾದಾಗ." ಅಲ್ಲಿಯವರೆಗೆ ಸಾಲಿನವರಿಗೆಲ್ಲ ಒಂದೇ ಕಡೆ ಕಕ್ಕಸು, ಒಂದೇ ಕಡೆ ನಲ್ಲಿ. ವರಾಂಡಕ್ಕೆ ಗೋಡೆ ಎಬ್ಬಿಸಿ ಕೋಣೆ ಮಾಡಿದ್ದು? "ಹುಡುಗನ ಮದುವೆಗೆ." ಸೌದೆ ಒಲೆಯ ಕಟ್ಟೆ ಒಡೆದದ್ದು? "ಗ್ಯಾಸ್ ಬಂದಾಗ." ಹೀಗೆ ಕೇಳ್ತಾ ಹೋದರೆ ಇಡೀ ಮನೆಗೆ ತಾರೀಖು ಸಿಗುತ್ತೆ. ಇಂಥ ವಿಷಯ ಹೆಂಗಸರಿಗೇ ಜಾಸ್ತಿ ಗೊತ್ತಿರೋದು. ಗಂಡಸರು ಗಣಿಯ ಕತೆ ಹೇಳುತ್ತಾರೆ, ಮನೆಯ ಕತೆ ಬೇಕಾದರೆ ಅಡುಗೆಮನೆಯಲ್ಲಿ ಕೂತು ಕೇಳಬೇಕು.

ನಾನು ನಕ್ಷೆಯನ್ನು ಮೂರು ಬಣ್ಣದಲ್ಲಿ ಬರೆಯುತ್ತಿದ್ದೇನೆ. ಟೇಲರ್ ಕಂಪನಿ ಕಾಲದ್ದು ಕಪ್ಪು. 1956ರಲ್ಲಿ ಮೈಸೂರು ಸರ್ಕಾರ ಗಣಿ ವಹಿಸಿಕೊಂಡ ಮೇಲೆ, ನಂತರ ಕೇಂದ್ರದ ಕೈಗೆ ಹೋಗಿ ಬಿಜಿಎಂಎಲ್ (ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್) ಆದ ಕಾಲದ್ದು ನೀಲಿ. 2001ರಲ್ಲಿ ಗಣಿ ಮುಚ್ಚಿದ ಮೇಲಿನದು ಕೆಂಪು. ಬಣ್ಣ ತುಂಬಿದ ಮೇಲೆ ಹಾಳೆ ನೋಡಿ ನಾನೇ ಬೆರಗಾದೆ. ಕೆಂಪೇ ಜಾಸ್ತಿ! ಗಣಿ ಇದ್ದಾಗ ಕಂಪನಿಯ ಮನೆ, ಕಂಪನಿಯವರೇ ರಿಪೇರಿ ಮಾಡಬೇಕು, ಒಂದು ಮೊಳೆ ಹೊಡೆಯೋಕೂ ಹಿಂದೆ ಮುಂದೆ ನೋಡುತ್ತಿದ್ದರು. ಮುಚ್ಚಿದ ಮೇಲೆ ಕೇಳುವವರೂ ಇಲ್ಲ, ರಿಪೇರಿ ಮಾಡುವವರೂ ಇಲ್ಲ. ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ದುಡಿಯೋಕೆ ಹೋಗುವ ಮಕ್ಕಳ ಸಂಬಳದಲ್ಲಿ ಒಂದು ವರ್ಷ ಶೀಟು, ಇನ್ನೊಂದು ವರ್ಷ ಟೈಲ್ಸು. ಸುಮಾರು 800 ಟನ್ ಚಿನ್ನ ಕೊಟ್ಟ ಊರು ಗಣಿ ನಿಂತ ಮೇಲೆ ಹೇಗೆ ಬದುಕಿತು ಅನ್ನೋದಕ್ಕೆ ಆ ಕೆಂಪು ಗೆರೆಗಳಿಗಿಂತ ಒಳ್ಳೆಯ ದಾಖಲೆ ನನಗೆ ಗೊತ್ತಿಲ್ಲ.

ಹಾಗಂತ ಮಾಡಿದ್ದೆಲ್ಲ ಸರಿ ಅಂತಲೂ ನಾನು ಹೇಳಲ್ಲ. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಬಳಿಯೋದು ಮಾತ್ರ ಬೇಡ. ಸುಣ್ಣದ ಗೋಡೆ ನೆಲದಿಂದ ಎಳೆದ ತೇವವನ್ನು ಹೊರಗೆ ಬಿಡುತ್ತೆ. ಸಿಮೆಂಟ್ ಬಳಿದರೆ ಆ ತೇವ ಒಳಗೇ ಸಿಕ್ಕಿಕೊಂಡು, ಉಪ್ಪು ಕಟ್ಟಿ, ಇಟ್ಟಿಗೆ ಪುಡಿಯಾಗುತ್ತೆ. ಚಿಕ್ಕಮ್ಮನ ಮನೆಯ ಮುಂದಿನ ಗೋಡೆ ಮೊಣಕಾಲಿನ ಎತ್ತರದವರೆಗೆ ಹಾಗೇ ಉದುರುತ್ತಿದೆ. ಅದನ್ನೂ ಬರೆದುಕೊಂಡು, ಫೋಟೋ ತೆಗೆದು, ಆಮೇಲೆ ಸಿಮೆಂಟ್ ಕೆತ್ತಿಸಿ ಸುಣ್ಣ ಹಚ್ಚಿಸಿ ಅಂತ ನಾನೇ ಹೇಳಿದ್ದೇನೆ.

ಇಂಥ ಸಣ್ಣ ಮನೆಗಳಿಗೆ ಯಾಕಿಷ್ಟು ಒದ್ದಾಟ ಅಂತ ಒಬ್ಬರು ಕೇಳಿದರು. ಕೆಜಿಎಫ್‌ಗೆ ಗಣಿ ಕೆಲಸ ಬಲ್ಲವರು ಬಂದದ್ದು ಇಂಗ್ಲೆಂಡಿನ ಕಾರ್ನ್‌ವಾಲಿನಿಂದ. ಆ ಕಾರ್ನ್‌ವಾಲಿನ ಗಣಿ ಪ್ರದೇಶ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಂಜಿನ್ ಮನೆಗಳ ಜೊತೆಗೆ ಕಾರ್ಮಿಕರ ವಸತಿಗಳೂ ಅದರಲ್ಲಿ ಇವೆ. ಅದೇ ಕಾರ್ನಿಷ್ ಜನ ಹೋಗಿ ನೆಲೆಸಿದ ದಕ್ಷಿಣ ಆಸ್ಟ್ರೇಲಿಯಾದ ಮೂಂಟಾದಲ್ಲಿ ಒಬ್ಬ ಗಣಿ ಕಾರ್ಮಿಕನ ಸಣ್ಣ ಮನೆಯನ್ನು ಅಲ್ಲಿನ ನ್ಯಾಷನಲ್ ಟ್ರಸ್ಟ್ ಕಾಪಾಡಿಕೊಂಡು ಬಂದಿದೆ. ಅಲ್ಲಿನ ಕಾರ್ಮಿಕನ ಮನೆಗೆ ಬೆಲೆ ಇದ್ದರೆ ಇಲ್ಲಿನವನ ಮನೆಗೂ ಇರಬೇಕು. ಇಲ್ಲಿ ಶುರುವಿನ ಕಾಲದ ಕಾರ್ಮಿಕರು ಇದ್ದದ್ದು ಬಿದಿರಿನ ತಟ್ಟಿಗೆ ಮಣ್ಣು ಮೆತ್ತಿದ ಗುಡಿಸಲಲ್ಲಿ. ಅಂಥದ್ದು ಒಂದಾದರೂ ಉಳಿದಿದ್ದನ್ನು ನಾನು ಕಂಡಿಲ್ಲ. ಕಲ್ಲು ಇಟ್ಟಿಗೆಯ ಮನೆಗಳಾದರೂ ಇನ್ನೂ ನಿಂತಿವೆ.

ಇದನ್ನೆಲ್ಲ ಬರೆಯುವಾಗ ಚಿಕ್ಕಮ್ಮ ಒಂದು ಮಾತು ಕೇಳಿದರು. "ಹಾಗಾದ್ರೆ ಮಳೆಗೆ ಸೋರುತ್ತಲ್ಲ, ಆರ್‌ಸಿಸಿ ಹಾಕಿಸೋದು ಬೇಡ ಅಂತೀಯಾ?" ಖಂಡಿತ ಹಾಕಿಸಿ ಅಂದೆ. ಸೋರುವ ಮನೆಯಲ್ಲಿ ವಯಸ್ಸಾದವರನ್ನು ಕೂರಿಸಿ ಇತಿಹಾಸ ಕಾಪಾಡೋಣ ಅನ್ನೋದು ಅನ್ಯಾಯ. ನನ್ನ ಬೇಡಿಕೆ ಇಷ್ಟೇ. ಹೆಂಚು ಇಳಿಸುವ ಮೊದಲು ಛಾವಣಿಯ ಅಳತೆ ಆಗಲಿ. ತೊಲೆ, ರೀಪರ್ (ಹೆಂಚು ಕೂರುವ ಮರದ ಪಟ್ಟಿ) ಹೇಗೆ ಕೂತಿವೆ ಅಂತ ಫೋಟೋ ಆಗಲಿ. ಎರಡೂ ಮುದ್ರೆಯ ಹೆಂಚು ಒಂದೊಂದು ಎತ್ತಿಡಲಿ. ಇದಕ್ಕೆ ದೊಡ್ಡ ದುಡ್ಡು ಬೇಡ. ಒಂದು ಟೇಪು, ಚೌಕಳಿ ಕಾಗದ, ಫೋನು, ಜೊತೆಗೊಬ್ಬರು ಸಾಕು. ಕೋಣೆಯ ನಾಲ್ಕು ಗೋಡೆ ಅಳೆದ ಮೇಲೆ ಮೂಲೆಯಿಂದ ಮೂಲೆಗೆ ಓರೆಯಾಗಿಯೂ ಅಳೆಯಿರಿ, ಇಲ್ಲದಿದ್ದರೆ ಕೋಣೆ ಸೊಟ್ಟಗಿರೋದು ನಕ್ಷೆಯಲ್ಲಿ ಬರಲ್ಲ. ಏರ್ ಬ್ಲಾಸ್ಟ್ ಕಂಡ ಊರಿನಲ್ಲಿ ನೆಟ್ಟಗಿರುವ ಕೋಣೆ ಕಡಿಮೆ. ನಕ್ಷೆಯ ಒಂದು ಪ್ರತಿ ಮನೆಯವರಿಗೆ ಕೊಡಿ, ಒಂದನ್ನು ಊರಿನ ಶಾಲೆಯಲ್ಲೋ ಲೈಬ್ರರಿಯಲ್ಲೋ ಇಡಿ.

ಕೆಜಿಎಫ್‌ನಲ್ಲಿ ಹುಟ್ಟಿ ಈಗ ಬೇರೆ ಕಡೆ ಇರುವವರು ಇದನ್ನು ಓದುತ್ತಿದ್ದರೆ ಒಂದು ಕೆಲಸ ಮಾಡಿ. ಮನೆಯ ಹಳೇ ಆಲ್ಬಮ್ ತೆಗೆಯಿರಿ. ಮದುವೆ, ನಾಮಕರಣ, ಕ್ರಿಸ್‌ಮಸ್, ಪೊಂಗಲ್, ಯಾವ ಫೋಟೋ ಆದರೂ ಸರಿ. ಜನರ ಹಿಂದೆ ಬಾಗಿಲು, ಕಿಟಕಿ, ವರಾಂಡದ ಕಂಬ, ಛಾವಣಿಯ ಅಂಚು ಕಾಣುತ್ತಿದ್ದರೆ ಸ್ಕ್ಯಾನ್ ಮಾಡಿಸಿ ನನಗೆ ಕಳಿಸಿ. ಯಾವ ಸಾಲಿನ ಮನೆ, ಸುಮಾರು ಯಾವ ವರ್ಷ ಅಂತ ಹಿಂದೆ ಬರೆಯಿರಿ. ಮುಖಗಳು ಹಾಕೋದು ಇಷ್ಟವಿಲ್ಲದಿದ್ದರೆ ಗೋಡೆಯ ಭಾಗ ಮಾತ್ರ ಕತ್ತರಿಸಿ ಕಳಿಸಿ, ಅದೂ ಆಗುತ್ತೆ. ಊರಲ್ಲೇ ಇದ್ದು, ಈ ಬೇಸಿಗೆಯಲ್ಲಿ ಹೆಂಚು ಇಳಿಸುವವರಿದ್ದರೆ ಮೊದಲೇ ನನಗೆ ಒಂದು ಮಾತು ಹೇಳಿ. ಬೆಂಗಳೂರಿನಿಂದ ಮಾರಿಕುಪ್ಪಂಗೆ ನೇರ ರೈಲಿದೆ, ಟೇಪು ಹಿಡಿದು ಬರುತ್ತೇನೆ.