ಸುನಿಲ್ ಈ ತಂಡದಲ್ಲಿ ಇರಬೇಕಿತ್ತು

ಭಾರತ ಹಾಕಿ ತಂಡದ ಪಟ್ಟಿ ಬಂದಾಗಲೆಲ್ಲ ಒಂದೇ ಮಾತು ಕೇಳಿಬರುತ್ತದೆ. 'ಅಷ್ಟು ಗೋಲ್ ಹೊಡೆಯೋ ಹುಡುಗನನ್ನು ಯಾಕೆ ಬಿಟ್ರು?' ಬೇಸರ ನನಗೂ ಆಗುತ್ತದೆ. ಆದರೆ ಅದಕ್ಕೂ ಮೊದಲು ಕೇಳಬೇಕಾದದ್ದು, ಈ ಕೋಚ್ ಎಂಥ ಆಟ ಆಡಿಸಲು ಹೊರಟಿದ್ದಾರೆ ಅನ್ನೋದು.

2023ರಲ್ಲಿ ಭಾರತ ತಂಡದ ಕೋಚ್ ಆಗಿ ಬಂದ ಕ್ರೇಗ್ ಫುಲ್ಟನ್ ಹಿಂದಿನ ಸಾಲನ್ನು ಭದ್ರ ಮಾಡಿಯೇ ಗೆಲ್ಲಬೇಕು ಎನ್ನುವವರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಬೆಲ್ಜಿಯಂಗೆ ಸಹಾಯಕ ಕೋಚ್ ಆಗಿದ್ದವರು. ನಮ್ಮ ಓಟ, ನಮ್ಮ ಡ್ರಿಬ್ಲಿಂಗ್ ಎಲ್ಲ ಹೋಯ್ತು ಅಂತ ನಾನು ಹೆದರಿದ್ದೆ. ನನ್ನ ಅಂದಾಜು ತಪ್ಪಾಗಿತ್ತು.

ಪ್ಯಾರಿಸ್ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್ ನೆನಪಿದೆಯಾ? ಬ್ರಿಟನ್ ಎದುರು 17ನೇ ನಿಮಿಷಕ್ಕೇ ನಮ್ಮ ಡಿಫೆಂಡರ್ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡ್. ಇನ್ನೂ 40 ನಿಮಿಷಕ್ಕಿಂತ ಜಾಸ್ತಿ ಆಟ ಬಾಕಿ, ನಮ್ಮವರು ಬರೀ ಹತ್ತು ಜನ. ಮಿಡ್‌ಫೀಲ್ಡರ್ ಮನ್‌ಪ್ರೀತ್ ಸಿಂಗ್ ಸೀದಾ ಹಿಂದಕ್ಕೆ ಹೋಗಿ ರೋಹಿದಾಸ್ ಜಾಗದಲ್ಲಿ ನಿಂತರು. ಟೋಕಿಯೊದಲ್ಲಿ ಮಿಡ್‌ಫೀಲ್ಡ್ ಆಡಿದ್ದ ಸುಮಿತ್ ಇಲ್ಲಿ ಆಗಲೇ ಡಿಫೆಂಡರ್ ಆಗಿದ್ದರು. ಪಂದ್ಯ 1-1 ಆಗಿ, ಶೂಟೌಟ್‌ನಲ್ಲಿ 4-2ರಿಂದ ಗೆದ್ದೆವು. ಎಲ್ಲರೂ ಗೋಲ್‌ಕೀಪರ್ ಶ್ರೀಜೇಶ್ ಅವರನ್ನು ಹೊಗಳಿದರು, ಹೊಗಳಲೇಬೇಕು. ನನಗೆ ಮಾತ್ರ ಇಂದಿಗೂ ಕಣ್ಣಿಗೆ ಕಟ್ಟಿರುವುದು ಮನ್‌ಪ್ರೀತ್. ಎರಡು ಜಾಗದಲ್ಲಿ ಆಡಬಲ್ಲ, ಅದಕ್ಕೆ ಮುಖ ಸಿಂಡರಿಸದ ಆಟಗಾರರನ್ನೇ ಹುಡುಕಿ ಇಟ್ಟುಕೊಂಡಿದ್ದರಿಂದ ಆ ಪಂದ್ಯ ಉಳಿಯಿತು. ಒಲಿಂಪಿಕ್ಸ್‌ನಲ್ಲಿ 16 ಜನರಿಗಷ್ಟೇ ಜಾಗ. ಒಂದೇ ಕೆಲಸ ಬಲ್ಲವರನ್ನು ತುಂಬಿಕೊಂಡರೆ ಆಗುವುದಿಲ್ಲ.

ಆದರೂ ಒಂದು ಕೊರತೆ ಉಳಿದೇ ಇತ್ತು. ಎದುರಾಳಿಗೆ ಪೆನಾಲ್ಟಿ ಕಾರ್ನರ್ (ಗೋಲ್ ಗೆರೆಯಿಂದ ಚೆಂಡು ತಳ್ಳಿ ಗೋಲ್‌ಗೆ ಹೊಡೆಯುವ ಅವಕಾಶ) ಸಿಕ್ಕಾಗ, ಹೊಡೆತ ತಡೆಯಲು ಎದೆಯೊಡ್ಡಿ ಮೊದಲು ಓಡುತ್ತಿದ್ದವರು ರೋಹಿದಾಸ್. ಆ ಕೆಂಪು ಕಾರ್ಡ್‌ನಿಂದಾಗಿ ಸೆಮಿಫೈನಲ್‌ಗೆ ಅವರಿಲ್ಲ. ಜರ್ಮನಿಯ ಮೊದಲ ಗೋಲ್ ಪೆನಾಲ್ಟಿ ಕಾರ್ನರ್‌ನಲ್ಲೇ ಬಂತು, ನಾವು 2-3ರಿಂದ ಸೋತೆವು. ಆ ಕೆಲಸಕ್ಕೆ ಅಷ್ಟೇ ಗಟ್ಟಿಯಾದ ಇನ್ನೊಬ್ಬರು ಬೇಕು ಅಂತ ಅವತ್ತಿನಿಂದ ಹೇಳುತ್ತಲೇ ಇದ್ದೇನೆ.

ಇನ್ನು ಓಟದ ಮಾತು. ಹಿಂದೆ ಭದ್ರವಾಗಿ ನಿಂತು, ಚೆಂಡು ಸಿಕ್ಕ ಕೂಡಲೇ ಮುಂದಕ್ಕೆ ನುಗ್ಗುವ ಆಟಕ್ಕೆ ಓಟಗಾರರೇ ಬೇಕು. ಹಾಗಾಗಿ ನಮ್ಮ ಹುಡುಗರ ವೇಗಕ್ಕೆ ಈ ಪದ್ಧತಿ ಶತ್ರು ಅಲ್ಲ. ಇದನ್ನು ನೋಡುವಾಗೆಲ್ಲ ನನಗೆ ನಮ್ಮ ಸೋಮವಾರಪೇಟೆಯ ಎಸ್.ವಿ. ಸುನಿಲ್ ನೆನಪಾಗುತ್ತಾರೆ. ಬಲಗಡೆ ಗೆರೆ ಹಿಡಿದು ಅವರು ಓಡುತ್ತಿದ್ದ ಓಟ! ಒಂದು ಉದ್ದನೆಯ ಪಾಸ್ ಸಿಕ್ಕರೆ ಸಾಕಿತ್ತು. ಟೋಕಿಯೊ ತಂಡದಲ್ಲಿ ಜಾಗ ಸಿಗಲಿಲ್ಲ, 2021ರಲ್ಲಿ ನಿವೃತ್ತರಾದರು.

ಕೊಡವ ಹಾಕಿ ಹಬ್ಬದಲ್ಲಿ ಚೆಂಡು ಹಿಡಿದು ಮೂವರನ್ನು ದಾಟುವ ಹುಡುಗನಿಗೆ ಚಪ್ಪಾಳೆ ಬೀಳುತ್ತದೆ, ಬೀಳಲಿ. ಚೆಂಡು ಕಳೆದುಕೊಂಡ ಮೇಲೆ ಅಷ್ಟೇ ಜೋರಾಗಿ ವಾಪಸ್ ಓಡಿ ಬರುವ ಹುಡುಗನೂ ಅಲ್ಲೇ ಇರುತ್ತಾನೆ. ಅವನ ಹೆಸರನ್ನೂ ದಯವಿಟ್ಟು ಬರೆದಿಟ್ಟುಕೊಳ್ಳಿ.